ಪಾಸ್ಟ್ ಪುಡ್ಡಿನ ಪಂಕ್ತಿ

ಗುಂಡ್ಲುಪೇಟೆಯ ಹೆದ್ದಾರಿ ಪಕ್ಕದ ಒಂದು ಅಂಗಡಿಯ ಬೋರ್ಡಿನಲ್ಲಿ ‘ಪಾಸ್ಟ್ ಪುಡ್’ ಎಂದು ಬರೆದಿದೆ. ಕನ್ನಡ ಮೇಷ್ಟ್ರಾದ ನನಗೆ ಅದನ್ನು ಕಂಡಾಗಲೆಲ್ಲ ಕೈ ತುರಿಸುತ್ತಿತ್ತು. ಏಣಿ ಹತ್ತಿ, ಎರಡೂ ‘ಪ’ಗಳ ಕೆಳಗೆ ಒಂದೊಂದು ಗೀಟೆಳೆದು ಮಹಾಪ್ರಾಣ ಕೊಟ್ಟುಬಿಡಲೇ ಎನ್ನಿಸುತ್ತಿತ್ತು. ಈಗ ಶನಿವಾರ ಮಧ್ಯಾಹ್ನ ಆ ಬೋರ್ಡಿನ ಕೆಳಗೇ ಕೂತು ಉಣ್ಣುವವನಾದ್ದರಿಂದ ಅಲ್ಪಪ್ರಾಣವೇ ಚೆನ್ನಾಗಿದೆ ಎನ್ನಿಸತೊಡಗಿದೆ. ಅನ್ನದ ಋಣ, ವ್ಯಾಕರಣವನ್ನೂ ಬಿಡಲಿಲ್ಲ ನೋಡಿ.

ಹಿಂದೆ ನಾನು ಹೀಗಿರಲಿಲ್ಲ. ಪೋಷಕರ ಸಭೆಯಲ್ಲಿ ಈ ತಿಂಡಿಗಳ ಮೇಲೆ ನಾನು ಮಾಡಿದ ಭಾಷಣ ಎಷ್ಟು ಖಾರವಾಗಿತ್ತೆಂದರೆ, ಗೋಬಿ ಮಂಚೂರಿಯೇ ಸಪ್ಪೆ ಎನ್ನಬೇಕು. ಮನೆಗೆ ಬಂದು ಎರಡೂವರೆ ವರ್ಷದ ಮಗಳಿಗೆ ರಾಗಿಮುದ್ದೆ, ಉಪ್ಸಾರು ಕಲಸಿ ಹಿಡಿದರೆ, ನನ್ನ ಭಾಷಣ ಕೇಳಿರದ ಆಕೆ ಬಾಯಿಯನ್ನೇ ತೆರೆಯುತ್ತಿರಲಿಲ್ಲ.

ಹೆಂಡತಿ ಮಂಜುಳ ಕೇರಳದ ದಾರಿಯಲ್ಲಿರುವ ಮದ್ದೂರು ರೇಂಜಿನಲ್ಲಿ ಫಾರೆಸ್ಟ್ ಗಾರ್ಡ್. ಚೆಕ್‌ಪೋಸ್ಟಿನ ಡ್ಯೂಟಿ ಬಿದ್ದರೆ ವಾರಗಟ್ಟಲೆ ಮನೆಗೆ ಬರಲಾಗುವುದಿಲ್ಲ. ತಡವಾಗಿ ಹೊರಡೋಣವೆಂದರೆ ರಾತ್ರಿ ಕಾಡಿನ ರಸ್ತೆಯೇ ಬಂದ್. ಅವಳಿಗೆ ಹತ್ತಿರವಾಗಲೆಂದು ನಾನು ಚಾಮರಾಜನಗರದಿಂದ ಇಲ್ಲಿಗೆ ವರ್ಗ ಮಾಡಿಸಿಕೊಂಡೆ. ಹತ್ತಿರವೇನೋ ಆದೆ, ಆದರೆ ಅಲ್ಲಿದ್ದ ಜನವೆಲ್ಲ ದೂರವಾದರು. ಚಾಮರಾಜನಗರದಲ್ಲಿದ್ದಾಗ ಚಂದಕವಾಡಿಯಿಂದ ಅವ್ವ ಬರುತ್ತಿದ್ದಳು, ಅಣ್ಣನ ಮಕ್ಕಳು ಬರುತ್ತಿದ್ದರು. ಇಲ್ಲಿ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ನಾನು, ಪುಟ್ಟಿ, ಮಧ್ಯೆ ಒಂದು ತಟ್ಟೆ. ವಾರದ ದಿನಗಳಲ್ಲಿ ಪುಟ್ಟಿಯನ್ನು ಶಿಶುವಿಹಾರಕ್ಕೆ ಬಿಟ್ಟು ಹೋದರೆ ಸ್ಕೂಲಿನ ಗದ್ದಲದಲ್ಲಿ ಗೊತ್ತಾಗುತ್ತಿರಲಿಲ್ಲ. ಅರ್ಧ ದಿನದ ಶನಿವಾರ ಬಂತೆಂದರೆ ಒಂಟಿತನ ನನ್ನನ್ನು ಹಿಡಿದು ಅಲ್ಲಾಡಿಸುತ್ತಿತ್ತು. ಮಗುವಿಗೆ ತಿನ್ನಿಸಲಾಗದೆ, ಅವಳು ಬಿಟ್ಟದ್ದನ್ನು ನಾನು ನಿಂತುಕೊಂಡೇ ಮುಗಿಸಿ ಪಾತ್ರೆ ತೊಳೆಯುತ್ತಿದ್ದೆ.

ಅಂಥದ್ದೊಂದು ಶನಿವಾರ ಗ್ಯಾಸ್ ಮುಗಿಯಿತು. ಬೇರೆ ದಾರಿಯಿಲ್ಲದೆ ಪುಟ್ಟಿಯನ್ನು ಎತ್ತಿಕೊಂಡು ಆ ಅಂಗಡಿಗೆ ಹೋದೆ. ಎಗ್ ರೈಸಿನ ಬಾಣಲೆಯನ್ನು ನಾನು ಅನುಮಾನದಿಂದ ನೋಡುವುದನ್ನು ಗಮನಿಸಿ ಅಂಗಡಿಯವನು, “ವೆಜ್ಜಿಗೆ ಬ್ಯಾರೆ ಬಾಣ್ಲಿ ಕಣ್ ಮೇಷ್ಟ್ರೇ. ಮಗೀಗೆ ಖಾರ ಕಮ್ಮಿ ಆಕುಸ್ತೀನಿ, ಕೂತ್ಕಳಿ” ಎಂದ. ಫ್ರೈಡ್ ರೈಸ್ ಬರಲು ನಮ್ಮ ಮನೆಯ ಮುದ್ದೆಗಿಂತ ಹೆಚ್ಚು ಹೊತ್ತು ಹಿಡಿಯಿತು. ‘ಫಾಸ್ಟ್’ ಎನ್ನುವುದು ವಿಶೇಷಣವಲ್ಲ, ಅಂಕಿತನಾಮ ಎಂದು ಅಲ್ಲಿ ತಿಳಿಯಿತು. ಪುಟ್ಟಿ ಬೆಂಚಿನ ಮೇಲೆ ಮಂಡಿಯೂರಿ, ಹೋಗುವವರನ್ನು ಬರುವವರನ್ನು ನೋಡುತ್ತಾ, ಬಟಾಣಿ ಆರಿಸಿಕೊಂಡು ತಾನೇ ತಿನ್ನತೊಡಗಿದಳು. ನನಗೆ ಸಂತೋಷವಾಯಿತು, ಸ್ವಲ್ಪ ಅವಮಾನವೂ ಆಯಿತು.

ಆಮೇಲೆ ಅವಳು ಮಾಡಿದ್ದನ್ನು ಹೇಳಬೇಕು. ನಮ್ಮ ಚಂದಕವಾಡಿ ಕಡೆ ಊಟದ ಹೊತ್ತಿಗೆ ಬಾಗಿಲ ಮುಂದೆ ಯಾರು ಹಾದರೂ ‘ಬನ್ನಿ, ಉಣ್ಣಿ’ ಎನ್ನುವುದು ರೂಢಿ. ಅವರು ಬರುವುದಿಲ್ಲವೆಂದು ಕರೆಯುವವರಿಗೂ ಗೊತ್ತು. ‘ಆಯ್ತು ಕಣಿ, ನೀವು ಉಣ್ಣಿ’ ಎನ್ನುತ್ತಾ ಅವರು ಮುಂದೆ ನಡೆಯುತ್ತಾರೆ. ಉಂಡಿರಲಿ, ಬಿಟ್ಟಿರಲಿ, ಉತ್ತರ ಅದೇ. ಅವ್ವನ ಬಾಯಿಂದ ಈ ಮಾತನ್ನು ಕಲಿತಿದ್ದ ಪುಟ್ಟಿ, ಪಕ್ಕದ ಬೆಂಚಿನಲ್ಲಿ ಪರೋಟ ಹಿಡಿದು ಕೂತಿದ್ದ ಲಾರಿ ಡ್ರೈವರಿಗೆ ಗಟ್ಟಿಯಾಗಿ, “ಬನ್ನಿ, ಉಣ್ಣಿ” ಎಂದಳು.

ಆತ ಬೆಚ್ಚಿಬಿದ್ದ. ತಟ್ಟೆಯ ಸಮೇತ ಎದ್ದು ಬಂದು ನಮ್ಮೆದುರಿಗೇ ಕೂತ. “ಮೋಳೇ, ಮಗಳೇ, ನನ್ ಹೆಸರು ನಿಂಗೆ ಹೆಂಗೆ ಗೊತ್ತು?” ಎಂದು ಕೇಳಿದ.

ಕೇರಳದವನು. ಹೆಸರು ಉಣ್ಣಿ.

ಮಲಯಾಳದಲ್ಲಿ ‘ಉಣ್ಣಿ’ ಎಂದರೆ ಮುದ್ದು ಮಗು. ನಮ್ಮಲ್ಲಿ ‘ಊಟ ಮಾಡಿ’ ಎಂದೂ ಹೌದು, ದನದ ಮೈಗೆ ಕಚ್ಚಿಕೊಳ್ಳುವ ಹುಳುವೂ ಹೌದು. ಮೂರನೆಯ ಅರ್ಥವನ್ನು ನಾನು ಅವನಿಗೆ ಹೇಳಲಿಲ್ಲ. ಮೇಷ್ಟ್ರಾದರೂ ಕೆಲವು ಸಲ ಬಾಯಿ ಮುಚ್ಚಿಕೊಳ್ಳಬಲ್ಲೆ. ಅವನು ಮೊಬೈಲಿನಲ್ಲಿ ತನ್ನ ಮಗಳ ಫೋಟೊ ತೋರಿಸಿದ, ಪುಟ್ಟಿಗೆ ಪರೋಟದ ಗರಿಗರಿ ಅಂಚು ಮುರಿದುಕೊಟ್ಟ. ಅವಳು ತಿಂದಳು. ನಾನೂ ಬಹಳ ದಿನಗಳ ಮೇಲೆ ಕೂತು, ಹೊಟ್ಟೆ ತುಂಬಾ ಉಂಡೆ. ನಮಗೆ ಬೇಕಾಗಿದ್ದದ್ದು ಫ್ರೈಡ್ ರೈಸ್ ಅಲ್ಲ, ಎದುರಿಗೊಂದು ಮುಖ ಎಂದು ತಿಳಿಯಲು ಗ್ಯಾಸ್ ಮುಗಿಯಬೇಕಾಯಿತು.

ಅಂದಿನಿಂದ ಶನಿವಾರದ ಊಟ ಅಲ್ಲೇ. ಪುಟ್ಟಿ ಎಲ್ಲರನ್ನೂ ಕರೆಯುತ್ತಾಳೆ. ನಮ್ಮ ಕಡೆಯವರು ‘ಆಯ್ತು ಕಣಮ್ಮಿ’ ಎಂದು ನಕ್ಕು ದೂರ ಕೂರುತ್ತಾರೆ. ರೂಢಿ ಗೊತ್ತಿಲ್ಲದವರು ಬಂದೇಬಿಡುತ್ತಾರೆ. ಗೊತ್ತಿಲ್ಲದವರೇ ವಾಸಿ.

ಮೊನ್ನೆ ಊಟದ ನಡುವೆ ಮಂಜುಳ ಫೋನ್ ಮಾಡಿದಳು. ಪುಟ್ಟಿ ಫೋನು ಕಿತ್ತುಕೊಂಡು ಅಮ್ಮನಿಗೂ ಅದೇ ಬಹುವಚನದಲ್ಲಿ, “ಬನ್ನಿ, ಉಣ್ಣಿ” ಎಂದಳು. ಆ ಕಡೆಯಿಂದ ಮಂಜುಳ ನಕ್ಕು, “ನಂದಾಯ್ತು ಕಣಮ್ಮಿ, ನೀ ಉಣ್ಣು” ಎಂದಳು.

ಅದು ಬಾಗಿಲ ಮುಂದೆ ಹಾದುಹೋಗುವವರ ‘ಆಯ್ತು’. ‘ಊಟ ಆಯ್ತಾ’ ಎಂದು ದಿನವೂ ನಾನು ಫೋನಿನಲ್ಲಿ ಕೇಳುತ್ತಿದ್ದೆ, ಅವಳು ಆಯ್ತು ಎನ್ನುತ್ತಿದ್ದಳು. ಒಂಟಿಯಾಗಿ ಉಣ್ಣುವವನು ನಾನೊಬ್ಬನೇ ಎಂದುಕೊಂಡಿದ್ದೆ. ಎರಡು ಫ್ರೈಡ್ ರೈಸ್ ಕಟ್ಟಿಸಿಕೊಂಡು, ಪುಟ್ಟಿಯನ್ನು ಕಂಕುಳಿಗೇರಿಸಿ ಕೇರಳದ ಬಸ್ಸು ಹತ್ತಿದೆ.

ಚೆಕ್‌ಪೋಸ್ಟಿನಲ್ಲಿ ನಮ್ಮನ್ನು ಕಂಡು ಮಂಜುಳ ಗದರಿದಳು. “ಇದ್ಯಾಕ್ ತರಕೋದ್ರಿ? ನಂದಾಯ್ತು ಅಂದಿದ್ನಲ್ಲ!” ಅನ್ನ ಆಗಲೇ ತಣ್ಣಗಾಗಿ ಗಂಟುಕಟ್ಟಿತ್ತು. ಬೆಂಚಿನ ಮೇಲೆ ಮಗಳನ್ನು ತೊಡೆಗೆ ಹಾಕಿಕೊಂಡು ಕೂತವಳು, ಒಂದು ಪೊಟ್ಟಣ ಬಿಚ್ಚಿ ಒಂದಗುಳೂ ಬಿಡದೆ ತಿಂದಳು. ಬೆಳಿಗ್ಗೆಯಿಂದ ಬರೀ ಟೀ ಕುಡಿದಿದ್ದಳಂತೆ.

ಅಷ್ಟರಲ್ಲಿ ಗೇಟಿನ ಹತ್ತಿರವಿದ್ದ ವಾಚರ್ ನಮ್ಮ ಮುಂದೆ ಹಾದ. “ಬನ್ನಿ, ಉಣ್ಣಿ” ಎಂದೆ.

“ಆಯ್ತು ಸಾ, ನೀವ್ ಉಣ್ಣಿ” ಎಂದು ಆತ ನಿಲ್ಲದೆ ನಡೆದ.

ನಾನು ಎರಡನೆಯ ಪೊಟ್ಟಣ ಬಿಚ್ಚಿ ಇನ್ನೊಂದು ಸಲ ಕರೆದೆ. ಆತ ಕೈ ತೊಳೆದುಕೊಂಡು ಬಂದ.