ಗಲ್ಲ ಮುಚ್ಚುವ ಹೆಲ್ಮೆಟ್

ನಾನು ಬೈಕ್ ಕಲಿಯುತ್ತೇನೆ ಅಂದಾಗ ನಮ್ಮ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ನಕ್ಕರು ಅಷ್ಟೇ. ನಮ್ಮೆಜಮಾನರು ಕಾರು ತಂದ ಮೇಲೆ ಅವರ ಹಳೆಯ ಬೈಕು ಕೊಬ್ಬರಿ ಅಟ್ಟದ ಕೆಳಗೆ ಧೂಳು ತಿನ್ನುತ್ತಾ ನಿಂತಿತ್ತು. ನಾನು ಹಾಲ್ಕುರಿಕೆ ಕಡೆಯ ಉಪಕೇಂದ್ರವೊಂದರಲ್ಲಿ ನರ್ಸ್. ಊರೂರಿಗೆ, ತೋಟದ ಮನೆಗಳಿಗೆ ಹೋಗಿ ಮಕ್ಕಳಿಗೆ ಚುಚ್ಚುಮದ್ದು ಹಾಕುವುದು, ಬಾಣಂತಿಯರನ್ನು ನೋಡುವುದು ನನ್ನ ಕೆಲಸ. ಬಿಳಿಗೆರೆಯ ನಮ್ಮ ಮನೆಯಿಂದ ಬಸ್ಸು ಹಿಡಿದು, ತಿಪಟೂರಿನಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ, ಅಲ್ಲಿಂದ ಮುಂದಕ್ಕೆ ನಡೆಯಬೇಕಿತ್ತು. ಸ್ಕೂಟಿ ತಗೋ ಅಂತ ಎಲ್ಲರೂ ಹೇಳಿದರು. ತೋಟದ ದಾರಿಯ ಮರಳಿನಲ್ಲಿ, ಕಲ್ಲಿನಲ್ಲಿ ಆ ಸಣ್ಣ ಚಕ್ರ ಹೂತುಕೊಳ್ಳುತ್ತದೆ ಅಂತ ನನಗೆ ಗೊತ್ತಿತ್ತು. ಬೈಕೇ ಸರಿ ಅಂದೆ.

ಮನೆಯವರು ನಿಜವಾಗಿ ಮುಖ ಗಂಟು ಹಾಕಿಕೊಂಡಿದ್ದು ಬೈಕಿಗಲ್ಲ, ನಾನು ಅದಕ್ಕಾಗಿ ಏನೇನು ಕೊಳ್ಳಬೇಕು ಅಂದೆನೋ ಅದಕ್ಕೆ.

ಆಸ್ಪತ್ರೆಯಲ್ಲಿ ಕೆಲಸ ಕಲಿತವಳು ನಾನು. ದವಡೆ ಒಡೆದುಕೊಂಡು ಬಂದವರನ್ನು ನೋಡಿದ್ದೆ. ತಲೆಯ ಮೇಲೆ ಅರ್ಧ ಚಿಪ್ಪಿನಂಥದ್ದು ಇಟ್ಟುಕೊಂಡವರು ಬಿದ್ದರೆ ಮೊದಲು ಹೋಗುವುದು ಗಲ್ಲ, ಹಲ್ಲು. ಚಕ್ರಕ್ಕೆ ವೇಲ್ ಸಿಕ್ಕಿಕೊಂಡು ಕತ್ತು ಹೊರಳಿದ ಹುಡುಗಿಯನ್ನೂ ನೋಡಿದ್ದೆ. ಹಾಗಾಗಿ ಗಲ್ಲದವರೆಗೆ ಮುಚ್ಚುವ ಹೆಲ್ಮೆಟ್ ಬೇಕು, ಮೊಣಕೈಗೆ ಪ್ಯಾಡ್ ಇರುವ ಜಾಕೆಟ್ ಬೇಕು, ಅಂಗೈ ಕಾಯುವ ಗ್ಲೌಸ್ ಬೇಕು, ಕಾಲಿನ ಹರಡು ಮುಚ್ಚುವ ಶೂ ಬೇಕು ಅಂದೆ. ವೇಲ್ ಹಾಕುವುದಿಲ್ಲ ಅಂತಲೂ ಹೇಳಿದೆ.

ನಮ್ಮತ್ತೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. “ಸೂಜಿ ಚುಚ್ಚಕ್ಕೆ ಹೋಗ್ತೀಯೋ, ಯುದ್ಧಕ್ಕೆ ಹೋಗ್ತೀಯೋ?” ಅಂದರು.

ತಿಪಟೂರಿನ ಅಂಗಡಿಗೆ ನಮ್ಮೆಜಮಾನರೂ ಬಂದರು. ಅಂಗಡಿಯವನು ಮಾತಾಡಿದ್ದೆಲ್ಲ ಅವರ ಜೊತೆ. “ಮೇಡಂಗೆ ಪಿಂಕ್ ಕಲರ್ ಐತೆ ಸಾರ್, ಲೈಟ್ ವೇಟು, ಪೊಲೀಸ್ರೂ ಹಿಡಿಯಲ್ಲ” ಅಂತ ಅರ್ಧ ಹೆಲ್ಮೆಟ್ ಒಂದನ್ನು ಅವರ ಕೈಗೆ ಕೊಟ್ಟ. ಕಪಾಟಿನಿಂದ ಕಪ್ಪು ಬಣ್ಣದ್ದು ನಾನೇ ಇಳಿಸಿಕೊಂಡೆ. ಐಎಸ್‌ಐ ಗುರುತು ನೋಡಿದೆ. ಮುಖದ ಗಾಜು ಕಪ್ಪಗಿಲ್ಲದೆ ತಿಳಿಯಾಗಿರುವುದನ್ನೇ ಆರಿಸಿದೆ. ತೋಟದೊಳಗೆ ಸಂಜೆ ಬೇಗ ಕತ್ತಲಾಗುತ್ತದೆ. ತುರುಬು ಬಿಚ್ಚಿ ಜಡೆ ಇಳಿಬಿಟ್ಟು ಹಾಕಿಕೊಂಡು, ಪಟ್ಟಿ ಬಿಗಿದು, ತಲೆ ಜೋರಾಗಿ ಅಲ್ಲಾಡಿಸಿದೆ. ಮೊದಲನೆಯದರೊಳಗೆ ತಲೆ ಮಾತ್ರ ತಿರುಗಿತು. ಅದಕ್ಕಿಂತ ಚಿಕ್ಕದು ಹಾಕಿದಾಗ ಹೆಲ್ಮೆಟ್ಟಿನ ಜೊತೆ ಕೆನ್ನೆಯ ಚರ್ಮವೂ ಅಲ್ಲಾಡಿತು. ಹಿಂದಿನಿಂದ ಎತ್ತಿ ನೋಡಿದೆ, ಕಳಚಲಿಲ್ಲ. ಅದೇ ಬೇಕು ಅಂದೆ.

“ಒಂದು ಸೈಜ್ ದೊಡ್ಡದು ತಗೊಳ್ಳೇ, ಮನೇಲಿ ಎಲ್ರಿಗೂ ಆಯ್ತದೆ” ಅಂದರು ನಮ್ಮೆಜಮಾನರು.

“ಎಲ್ರಿಗೂ ಆಗೋದು ಯಾರಿಗೂ ಆಗಲ್ಲ ಕಣ್ರೀ” ಅಂದೆ. ಅಂಗಡಿಯವನು ನಕ್ಕ. ಅವನ ಮುಂದೆ ಹಾಗಂದಿದ್ದಕ್ಕೆ ಅವರು ನನಗೆ ಕಾಯದೆ ಹೋಗಿ ಕಾರಿನಲ್ಲಿ ಕೂತರು.

ಜಾಕೆಟ್ಟುಗಳೆಲ್ಲ ಗಂಡಸರ ಅಳತೆಯವು. ಹಾಕಿಕೊಂಡರೆ ಮೊಣಕೈ ಪ್ಯಾಡು ಮಣಿಕಟ್ಟಿನ ಹತ್ತಿರ ಬಂದು ಕೂರುತ್ತಿತ್ತು. ಬಿದ್ದಾಗ ಅದು ಅಲ್ಲಿದ್ದರೆ ಏನು ಪ್ರಯೋಜನ? ನನಗೆ ರವಿಕೆ ಹೊಲಿಯುವ ಟೈಲರ್ ಅಕ್ಕನ ಹತ್ತಿರ ಒಯ್ದೆ. ಅವರ ಮೂರು ಹೆರಿಗೆಗೂ ನಾನೇ ಜೊತೆಗಿದ್ದೆ. ಜಾಕೆಟ್ಟನ್ನು ಮಗುಚಿ ನೋಡಿ, “ಯಾ ಅಲ್ಲಾ, ಇದೇನು ಸಿಸ್ಟರ್, ಹಾಸಿಗೆ ಇದ್ದಂಗಿದೆ” ಅಂದರು. ನಾನು ಬೈಕಿನ ಮೇಲೆ ಕೂತ ಹಾಗೆ ಅವರ ಸ್ಟೂಲಿನ ಮೇಲೆ ಕೈ ಚಾಚಿ ಕೂತೆ. ಅವರು ಭುಜ ಹಿಡಿಸಿ, ತೋಳು ಬಿಗಿ ಮಾಡಿ, ಪ್ಯಾಡನ್ನು ಮೊಣಕೈಗೆ ತಂದು ಕೂರಿಸಿದರು. “ಹಾಕ್ಕೊಂಡು ಒಂದ್ಸಲ ನಮ್ಮ ಬೀದೀಲಿ ಬನ್ನಿ, ನನ್ನ ಮಗಳು ನೋಡಬೇಕು” ಅಂದರು. ಆ ಇಡೀ ವರ್ಷದಲ್ಲಿ ನನ್ನ ಬೈಕಿನ ಬಗ್ಗೆ ಯಾರಾದರೂ ಆಡಿದ ಒಳ್ಳೆಯ ಮಾತು ಅಂದರೆ ಅದೊಂದೇ.

ಬೈಕು ಒಗ್ಗಿತು. ಬಸ್ಸು ಹೋಗದ ತೋಟದ ಮನೆಗಳಿಗೂ ಹೊತ್ತಿಗೆ ಸರಿಯಾಗಿ ಹೋಗತೊಡಗಿದೆ. ಬಾಣಂತಿಯರು ನಾನು ಬರುವ ಸದ್ದು ಕೇಳಿಯೇ ಮಗುವನ್ನು ಎತ್ತಿಕೊಂಡು ಹೊರಗೆ ಬರುತ್ತಿದ್ದರು. ಗಂಡಸರು ಮಾತ್ರ ನನ್ನನ್ನು ಹಿಂದೆ ಹಾಕುವಾಗ ಬೇಕೆಂದೇ ಹತ್ತಿರ ಬಂದು ಹಾರ್ನ್ ಹೊಡೆಯುತ್ತಿದ್ದರು. ಹಾಗೆ ಹೊಡೆಯುವವರ ತಲೆ ಬಹುತೇಕ ಬರಿದಾಗಿರುತ್ತಿತ್ತು.

ಒಂದು ಮಧ್ಯಾಹ್ನ ಹೊನ್ನವಳ್ಳಿ ದಾಟಿ ಬರುತ್ತಿದ್ದೆ. ಮುಂದೆ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರು. ದೂರ ಬಿಟ್ಟುಕೊಂಡೇ ಹೋಗುತ್ತಿದ್ದೆ. ಹಂಪ್ ಹತ್ತಿ ಇಳಿಯುವಾಗ ಟ್ರೇಲರಿನಿಂದ ಒಂದು ಕಾಯಿ ಹಾರಿ ಬಿದ್ದು, ಪುಟಿದು, ನೇರ ನನ್ನ ಮುಂದಿನ ಚಕ್ರಕ್ಕೆ ಬಂತು. ಬ್ರೇಕ್ ಹಿಡಿದಿದ್ದು ನೆನಪಿದೆ. ಆಮೇಲೆ ರಸ್ತೆ ನನ್ನ ಗಲ್ಲದ ಕೆಳಗೆ ಕರಕರ ಅಂತ ಉಜ್ಜುತ್ತಾ ಹೋದ ಸದ್ದು.

ಎದ್ದು ಕೂತೆ. ಬಾಯೊಳಗೆ ನಾಲಿಗೆ ಆಡಿಸಿ ಹಲ್ಲು ಮುಟ್ಟಿಕೊಂಡೆ. ಎಲ್ಲ ಇದ್ದವು. ಮಣಿಕಟ್ಟು ಉಳುಕಿತ್ತು, ಮಂಡಿ ತರಚಿತ್ತು. ಗ್ಲೌಸಿನ ಅಂಗೈ ಸವೆದು ಹರಿದಿತ್ತು, ಕೈಗೆ ಒಂದು ಗೆರೆಯೂ ಬಿದ್ದಿರಲಿಲ್ಲ. ಹೆಲ್ಮೆಟ್ ತೆಗೆದು ನೋಡಿದೆ. ಗಲ್ಲದ ಭಾಗದ ಕಪ್ಪು ಬಣ್ಣವೆಲ್ಲ ಉಜ್ಜಿ ಹೋಗಿ ಒಳಗಿನ ಬಿಳಿ ಕಾಣುತ್ತಿತ್ತು. ಅದರ ಹಿಂದೆಯೇ ನನ್ನ ದವಡೆ ಇದ್ದದ್ದು. ಅದನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆ ಬದಿಯಲ್ಲಿ ಕೂತೆ. ಟ್ರ್ಯಾಕ್ಟರು ನಿಲ್ಲಲಿಲ್ಲ. ಸೇರಿದ ಜನರಲ್ಲೊಬ್ಬ ಬೈಕ್ ಎತ್ತಿ ನಿಲ್ಲಿಸುತ್ತಾ, “ಹೆಂಗಸ್ರಿಗೆ ಯಾಕ್ ಬೇಕಿತ್ತು ಇದೆಲ್ಲಾ, ಬುಡ್ರಪ್ಪ” ಅಂದ. ನೀರು ಕೊಟ್ಟವನೂ ಅವನೇ.

ಮನೆಗೆ ಬಂದ ಮೇಲೆ ಯಾರಾದರೂ ಆ ಹೆಲ್ಮೆಟ್ ನೋಡುತ್ತಾರೆ ಅಂದುಕೊಂಡಿದ್ದೆ. ಜಗುಲಿಯ ಮೇಲೆ ಗಲ್ಲದ ಭಾಗ ಮೇಲೆ ಮಾಡಿಯೇ ಇಟ್ಟೆ. ಯಾರೂ ನೋಡಲಿಲ್ಲ.

“ಇದನ್ನೆಲ್ಲಾ ಹಾಕ್ಕೊಂಡ್ರೆ ಧೈರ್ಯ ಜಾಸ್ತಿ ಆಗಿ ಜೋರಾಗಿ ಓಡುಸ್ತಾರೆ” ಅಂದರು ಅತ್ತೆ.

“ನಾಳೆಯಿಂದ ಬಸ್ಸಲ್ಲಿ ಹೋಗು” ಅಂದರು ನಮ್ಮೆಜಮಾನರು.

ಅದಕ್ಕೂ ಒಂದು ವರ್ಷ ಮುಂಚೆ ನನ್ನ ಮೈದುನ ಕುಡಿದು, ಬರಿತಲೆಯಲ್ಲಿ ಹೋಗಿ, ನಮ್ಮೂರ ತಿರುವಿನಲ್ಲೇ ಬಿದ್ದಿದ್ದ. ತಲೆಗೆ ಹೊಲಿಗೆ ಬಿದ್ದವು, ದವಡೆಗೆ ತಂತಿ ಕಟ್ಟಿದರು. ಅವನ ಗಾಯ ತೊಳೆದವಳು ನಾನು. ಬಾಯಿ ಬಿಡಲಾಗದವನಿಗೆ ರಾಗಿ ಗಂಜಿಯನ್ನು ಸ್ಟ್ರಾ ಹಾಕಿ ಕುಡಿಸಿದವಳೂ ನಾನೇ. ಅವನು ಆಸ್ಪತ್ರೆಯಿಂದ ಬರುವ ಮೊದಲೇ ಅವನ ಬೈಕು ರಿಪೇರಿಯಾಗಿ ಅಂಗಳದಲ್ಲಿ ನಿಂತಿತ್ತು.

“ಅವನು ಬಿದ್ದಾಗ ಯಾರೂ ಬಸ್ಸಲ್ಲಿ ಹೋಗು ಅನ್ನಲಿಲ್ಲ” ಅಂದೆ.

“ಅವನ ವಿಷ್ಯ ಬೇರೆ ಕಣೇ” ಅಂದರು ನಮ್ಮೆಜಮಾನರು.

“ಏನು ಬೇರೆ?”

“ಬೇರೆ ಅಂದ್ರೆ ಬೇರೆ. ಸುಮ್ಕಿರು ಈಗ.”

ಬೈಕು ಅವರ ಹೆಸರಿನಲ್ಲಿತ್ತು. ಹ್ಯಾಂಡಲ್ ಸರಿ ಮಾಡಿಸಿ ಮೈದುನನಿಗೆ ಕೊಟ್ಟರು. ಅವನದು ಅಷ್ಟೊತ್ತಿಗೆ ಹಳತಾಗಿತ್ತಂತೆ. ಒಂದು ಬೆಳಿಗ್ಗೆ ನೋಡಿದರೆ ನನ್ನ ಹೆಲ್ಮೆಟ್ಟೂ ಅದರ ಕನ್ನಡಿಗೆ ನೇತಾಡುತ್ತಿತ್ತು.

“ಅದು ಒಂದ್ಸಲ ಪೆಟ್ಟು ತಿಂದೈತೆ. ಒಳಗಿನ ಥರ್ಮಾಕೋಲ್ ಕುಗ್ಗಿರುತ್ತೆ, ಇನ್ನೊಂದ್ಸಲ ತಡೆಯಲ್ಲ. ಹೊಸದು ತಗೋ, ನಿನ್ನ ಅಳತೆದು” ಅಂದೆ.

“ಚೆನ್ನಾಗೇ ಐತಲ್ಲ ಅತ್ಗೆ, ಒಂಚೂರು ಗೀರಿದೆ ಅಷ್ಟೇ. ನಾನೇನು ಹಾಕ್ಕತೀನಾ? ಪೊಲೀಸ್ರು ಕಂಡಾಗ ಮಾತ್ರ” ಅಂದ. ಆ ಮಾತಾಡುವಾಗ ತಂತಿ ಕಟ್ಟಿದ್ದ ಅವನ ದವಡೆ ಈಗಲೂ ಒಂದು ಪಕ್ಕಕ್ಕೆ ಎಳೆಯುತ್ತಿತ್ತು.

ಅವನು ಕಾಫಿ ಕುಡಿಯಲು ಒಳಗೆ ಹೋದಾಗ ನಾನು ಹೆಲ್ಮೆಟ್ ಬಿಚ್ಚಿಕೊಂಡು ಹಿತ್ತಲಿಗೆ ಹೋದೆ. ಎಳನೀರು ಕೊಚ್ಚುವ ಮಚ್ಚಿನಿಂದ ಮೊದಲು ಪಟ್ಟಿ ಕತ್ತರಿಸಿದೆ, ಆಮೇಲೆ ಹೊಡೆದೆ. ಸುಲಭವಾಗಿ ಒಡೆಯಲಿಲ್ಲ. ಉಳುಕಿದ್ದ ಮಣಿಕಟ್ಟು ಪ್ರತಿ ಏಟಿಗೂ ಚುಳಕ್ ಅನ್ನುತ್ತಿತ್ತು, ಆದರೂ ಹೊಡೆದೆ. ಅತ್ತೆ ಬಾಗಿಲಲ್ಲಿ ನಿಂತು, “ಎಂಥಾ ಕೇಡು ಬುದ್ಧಿ ನೋಡು, ತಾನು ಹಾಕಲ್ಲ, ಬೇರೆಯವ್ರು ಹಾಕೋಕೂ ಬಿಡಲ್ಲ” ಅಂದರು. ಮೈದುನ ಆ ವಾರವೇ ರಸ್ತೆ ಬದಿಯಿಂದ ಅರ್ಧ ಚಿಪ್ಪಿನದೊಂದು ತಂದು ಕನ್ನಡಿಗೆ ನೇತು ಹಾಕಿದ.

ಈಗ ಮತ್ತೆ ಬಸ್ಸು. ಒಳಗಿನ ತೋಟದ ಮನೆಗಳಿಗೆ ಹೋಗುವಷ್ಟರಲ್ಲಿ ಬಿಸಿಲೇರಿರುತ್ತದೆ, ಕೆಲವು ಸಲ ತಾಯಂದಿರು ಕಾದು ಕಾದು ಕೆಲಸಕ್ಕೆ ಹೋಗಿರುತ್ತಾರೆ. “ಯಾಕ್ ಸಿಸ್ಟರ್, ಈಚೆಗೆ ಹಿಂಗೆ ಲೇಟು?” ಅಂತ ಕೇಳುತ್ತಾರೆ. ಬೈಕ್ ಕೆಟ್ಟಿದೆ ಅನ್ನುತ್ತೇನೆ.

ಮೊನ್ನೆ ತುರುವೇಕೆರೆಯಿಂದ ನೆಂಟರು ಬಂದಿದ್ದರು. ಬೈಕ್ ಓಡಿಸುವ ಸೊಸೆ ಅಂತ ಕೇಳಿದ್ದರಂತೆ, ವಿಚಾರಿಸಿದರು. “ಅಯ್ಯೋ, ಒಂದ್ಸಲ ಬಿದ್ದ ಮೇಲೆ ಹೆದರ್ಕೊಂಡು ಅವಳೇ ಬುಟ್ಬುಟ್ಲು” ಅಂದರು ಅತ್ತೆ.

“ನಾನು ಬಿಡಲಿಲ್ಲ. ಬಿಡಿಸಿದ್ರು” ಅಂದೆ, ಕಾಫಿ ಲೋಟ ಇಡುತ್ತಾ.

ಯಾರೂ ಲೋಟ ಎತ್ತಿಕೊಳ್ಳಲಿಲ್ಲ. ನಮ್ಮೆಜಮಾನರು ಎದ್ದು ಹೋಗಿ ಟೀವಿ ಹಾಕಿದರು.