ಹನುಮಕ್ಕ ಕಿತ್ತ ಅರಳಿಕಟ್ಟೆ

ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯ ತುದಿಗೆ ಒಂದು ಅರಳಿಮರವಿದೆ. ಅದರ ಬುಡದಲ್ಲಿ ಮೂರು ನಾಗರಕಲ್ಲು, ನೆರಳಲ್ಲಿ ಹೂವಿನ ಹನುಮಕ್ಕ. ಮದುವೆಯಾಗಿ ಈ ಬೀದಿಗೆ ಬಂದ ವರ್ಷದಿಂದ ಆಕೆ ಅಲ್ಲಿಯೇ ಕೂತು ಹೂ ಕಟ್ಟುತ್ತಿದ್ದಾಳೆ. ಬೆಳಕು ಹರಿಯುವ ಮೊದಲೇ ಮಾರ್ಕೆಟ್ಟಿಗೆ ಹೋಗಿ ಮಲ್ಲಿಗೆ, ಕನಕಾಂಬರ, ಮರುಗ ತಂದು ಒದ್ದೆ ಗೋಣಿಯ ಮೇಲೆ ಹರವಿಕೊಂಡಳೆಂದರೆ ಕೈ ಹೂವಿನ ಮೇಲೆ, ಬಾಯಿ ಬೀದಿಯ ಮೇಲೆ. ಗಂಡ ಸತ್ತಾಗ ಎದೆಗುಂದಲಿಲ್ಲ. ಯಾವನೋ ಪುಂಡ ಕುಡಿದು ಬಂದು ಬುಟ್ಟಿ ಒದ್ದಾಗ ಅವನ ಕೊರಳಪಟ್ಟಿ ಹಿಡಿದು, ಚೆಲ್ಲಿದ ಹೂವನ್ನೆಲ್ಲ ಅವನ ಕೈಯಲ್ಲೇ ಆಯಿಸಿದ ಗಟ್ಟಿಗಿತ್ತಿ.

ಅಂಥ ಹೆಂಗಸು ಕಳೆದ ಬೇಸಿಗೆಯಲ್ಲಿ ಗಾಳಿಗೆ ಹೆದರಲು ಕಲಿತಳು. ಆ ಹೆದರಿಕೆಗೆ ಕಾರಣ, ತಾನೇ ಮುಂದೆ ನಿಂತು ಮಾಡಿಸಿದ ಒಂದು ಪುಣ್ಯದ ಕೆಲಸ.

ಮಗ ಲೋಹಿತನಿಗೆ ಹೆಣ್ಣು ಸಿಗದೆ ಒದ್ದಾಡುತ್ತಿದ್ದಾಗ ಹನುಮಕ್ಕ ನಾಗಪ್ಪನಿಗೆ ಹರಕೆ ಹೊತ್ತಿದ್ದಳು. ಮದುವೆಯಾದರೆ ಕಟ್ಟೆ ಕಟ್ಟಿಸುತ್ತೇನೆ ಎಂದು. ಪ್ರತಿಭಾ ಸೊಸೆಯಾಗಿ ಬಂದಳು. ಹನುಮಕ್ಕ ಸೆರಗೊಡ್ಡಿ ಮನೆಮನೆ ಸುತ್ತಿದಳು. ಇಡೀ ಬೀದಿ ಕೈಜೋಡಿಸಿತು. ಹಳೆಯ ಮಣ್ಣಿನ ದಿಬ್ಬ ಹೋಗಿ ಕರಿ ಗ್ರಾನೈಟಿನ ಕಟ್ಟೆ ಬಂತು. ಕಾಂಡಕ್ಕೆ ತಾಗುವವರೆಗೂ ಸಿಮೆಂಟು, ಸುತ್ತ ಸ್ಟೀಲಿನ ಕಟಕಟೆ. ಒಂದು ಬೆರಳಗಲ ಮಣ್ಣು ಕಾಣದ ಹಾಗೆ ಮುಚ್ಚಿ, ನಾಗರಕಲ್ಲುಗಳನ್ನು ಅದರ ಮೇಲೆ ಗಾರೆ ಹಾಕಿ ಕೂರಿಸಿದರು. ಶಂಕರಪುರದಿಂದ ಪೂಜೆಗೆ ಬರುವ ಆತ್ರೇಯರು, "ಏಳು ತಲೆಮಾರಿಗಾಗೋ ಪುಣ್ಯ ಕಟ್ಕೊಂಡೆ ಕಣಮ್ಮ" ಎಂದರು. ಪ್ರದಕ್ಷಿಣೆ ಹಾಕುವವರು ಕಾಲಿಗೆ ಎಷ್ಟು ತಣ್ಣಗಿದೆ ಎಂದು ಹೊಗಳಿದರು. ಕಲ್ಲಿನ ಮೇಲೆ ಎರೆದ ಹಾಲು ಜಾರಿ ನೇರವಾಗಿ ಚರಂಡಿ ಸೇರುತ್ತಿತ್ತು. ಅದನ್ನು ನೋಡಿ ಯಾರಿಗೂ ಏನೂ ಅನ್ನಿಸಲಿಲ್ಲ. ಮರಕ್ಕೆ ಕೈಮುಗಿಯುವುದು ನಮಗೆ ಗೊತ್ತಿತ್ತು. ಅದಕ್ಕೂ ನೀರಡಿಕೆಯಾಗುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ಕೆಲವು ವರ್ಷ ಕಳೆದವು. ಚೈತ್ರ ಬಂದರೆ ತಾಮ್ರದ ಬಣ್ಣದಲ್ಲಿ ಚಿಗುರುತ್ತಿದ್ದ ಮರ ಎಲೆಯನ್ನು ಸಣ್ಣದಾಗಿ, ತೆಳ್ಳಗೆ ಬಿಡತೊಡಗಿತು. ಪಡುವಣದ ಕೊಂಬೆಗಳು ಬೋಳಾಗಿಯೇ ನಿಂತವು. ಕಾಂಡದ ಬುಡದಲ್ಲಿ ಅಂಗೈಯಗಲದ ಅಣಬೆ ಎದ್ದಾಗ ಹೆಂಗಸರು ಅದಕ್ಕೂ ಕುಂಕುಮ ಇಟ್ಟರು. ಗ್ರಾನೈಟಿನಲ್ಲಿ ಒಂದು ಸೀಳು ಮೂಡಿತು. ಗಾಳಿ ಬೀಸಿದಾಗ ಆ ಸೀಳು ಕೂದಲೆಳೆಯಷ್ಟು ಬಾಯಿ ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅದನ್ನು ಮೊದಲು ಕಂಡವಳು ಹನುಮಕ್ಕ. ಅಲ್ಲಾಡುತ್ತಿರುವುದು ಬರೀ ಕೊಂಬೆಯಲ್ಲ, ಬುಡದ ನೆಲವೇ ಎಂದು ಆಕೆಗೆ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ. ಏನೆಂದು ಹೇಳುವುದು?

ಏಪ್ರಿಲ್ ಕೊನೆಯ ಒಂದು ಸಂಜೆ, ಮಳೆಗೆ ಮುಂಚೆ ಧೂಳೆಬ್ಬಿಸಿಕೊಂಡು ಗಾಳಿ ಬಂತು. ಹನುಮಕ್ಕ ನೀರು ತರಲು ಎದ್ದು ನಾಲ್ಕು ಹೆಜ್ಜೆ ಹೋಗಿದ್ದಳು. ಹಿಂದೆ ಪಟಾಕಿ ಸರ ಹಚ್ಚಿದಂತೆ ಸದ್ದು. ತಿರುಗಿ ನೋಡಿದರೆ, ತಾನು ಕೂತಿದ್ದ ಗೋಣಿಯ ಮೇಲೆ ತೊಲೆಯಂಥ ಕೊಂಬೆ. ಹೂಬುಟ್ಟಿ ಅಪ್ಪಚ್ಚಿ. ಹಿಟ್ಟಿನ ಗಿರಣಿಯ ಮುನಿಸ್ವಾಮಿ ಓಡಿ ಬಂದು ರಟ್ಟೆ ಹಿಡಿದಾಗ ಆಕೆಯ ಮೈ ಕಂಬದಂತೆ ಸೆಟೆದಿತ್ತಂತೆ.

ಮರುದಿನ ಮರ ನೋಡಲು ಒಬ್ಬ ಹೆಣ್ಣುಮಗಳು ಬಂದಳು, ಪಾಲಿಕೆಯ ಅಧಿಕಾರಿ. ಕಾಂಡಕ್ಕೆ ಸುತ್ತಿಗೆ ಬಡಿದು ಕಿವಿಗೊಟ್ಟು ಕೇಳಿದಳು. ಆಮೇಲೆ ಕಟ್ಟೆಯ ಸುತ್ತ ನಡೆದಳು.

"ಯಾರು ಹಾಕ್ಸಿದ್ದು ಇದನ್ನ?"

ಎಲ್ಲರೂ ಹನುಮಕ್ಕನ ಕಡೆ ನೋಡಿದರು. ಒಳ್ಳೆಯದಕ್ಕೆ ನೂರು ಕೈ ಸೇರಿದ್ದವು. ಈಗ ಉಳಿದದ್ದು ಎರಡು.

"ನಾನೇ ಕಣವ್ವ" ಎಂದಳು.

"ಬೇರಿಗೆ ಗಾಳಿ ಇಲ್ಲ, ನೀರಿಲ್ಲಮ್ಮ. ಕೊಳೀತಾ ಇದೆ. ಈ ಕಲ್ಲು, ಸಿಮೆಂಟು ಪೂರ್ತಿ ತೆಗೆಸಿದ್ರೆ ನಾವು ಮೇಲಿನ ಭಾರ ಇಳಿಸ್ತೀವಿ. ಉಳಿದ್ರೂ ಉಳೀಬಹುದು. ಮುಂದಿನ ವಾರದೊಳಗೆ ಆಗ್ಬೇಕು. ಇಲ್ಲಾಂದ್ರೆ ಮಳೆಗಾಲಕ್ಕೆ ಮುಂಚೆ ಮರಾನೇ ತೆಗೀಬೇಕಾಗತ್ತೆ. ಮಕ್ಕಳು ಸ್ಕೂಲಿಗೆ ಹೋಗೋ ದಾರಿ ಇದು, ನಾನು ಕಣ್ಮುಚ್ಚಿ ಕೂರಕ್ಕಾಗಲ್ಲ."

ಕಲ್ಲು ತೆಗೆಯಬೇಕೆಂದರೆ ನಾಗಪ್ಪನನ್ನು ಕೀಳಬೇಕು. ಕಲ್ಲೊಡೆಯುವ ಯಂತ್ರದೊಡನೆ ಹನುಮಕ್ಕ ಕರೆಸಿದ ಕೂಲಿಯವರು ಅರಿಶಿನ ಮೆತ್ತಿದ ಹೆಡೆಗಳನ್ನು ನೋಡಿದ್ದೇ ತಡ, ಯಂತ್ರವನ್ನು ಮತ್ತೆ ವ್ಯಾನಿಗೆ ಏರಿಸಿದರು. "ನಮ್ಮನೇಲೂ ಹೆಂಗಸ್ರು ಮಕ್ಕಳಿದಾರೆ ಅಜ್ಜಿ" ಎಂದು ಹೊರಟೇ ಹೋದರು. ಆತ್ರೇಯರು ಪಂಚಾಂಗ ತೆಗೆದರು. "ಹಾಗೆಲ್ಲ ಅಲ್ಲಾಡಿಸೋ ಹಾಗಿಲ್ಲಮ್ಮ. ಆಷಾಢ ಕಳೀಲಿ. ಹೋಮ ಮಾಡಿ, ಶಕ್ತೀನ ಕಲಶಕ್ಕೆ ಇಳಿಸಿ..."

"ಆಷಾಢಕ್ಕೆ ಮರಾನೇ ಇರಲ್ವಲ್ಲ ಸ್ವಾಮಿ."

"ನಿಮ್ಮನೇಲಿ ಬಸುರಿ ಇದಾಳೆ ಹನುಮಕ್ಕ" ಎಂದರು ಅವರು ಮೆಲ್ಲಗೆ. "ನೀನಂತೂ ಆ ಕಡೆ ಸುಳೀಬೇಡ."

ಆಕೆಯನ್ನು ಹಿಂಡುತ್ತಿದ್ದುದೇ ಅದು. ಪ್ರತಿಭಾಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಮೂರನೆಯದಕ್ಕೆ ಆರು ತಿಂಗಳು ತುಂಬಿತ್ತು. ಬಸುರಿಯಿದ್ದ ಮನೆಯವರು ಹಾವಿರಲಿ, ಹಾವಿನ ಕಲ್ಲನ್ನೂ ನೋಯಿಸಬಾರದೆಂದು ಹನುಮಕ್ಕನ ತಾಯಿ ಹೇಳಿದ್ದಳು, ಆ ತಾಯಿಗೆ ಅವಳ ತಾಯಿ. ಅದು ಸುಳ್ಳೆಂದು ಹೇಳುವ ಧೈರ್ಯ ಆ ಬೀದಿಯಲ್ಲಿ ಓದಿದವರಿಗೂ ಇರಲಿಲ್ಲ, ಓದದವರಿಗೂ ಇರಲಿಲ್ಲ. ಕಲ್ಲು ಕಿತ್ತರೆ ಮನೆಯ ಕೂಸಿಗೆ ಕೇಡು. ಕೀಳದಿದ್ದರೆ ಮರ ಉರುಳಿ ಯಾರ ಮನೆಯ ಕೂಸೋ.

ಭಾನುವಾರ ಬೆಳಿಗ್ಗೆ ಆಕೆ ಹೂ ತರಲು ಹೋಗಲಿಲ್ಲ. ತಲೆಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಹಾರೆ ಹಿಡಿದು ಕಟ್ಟೆಗೆ ಬಂದಳು.

"ಏ ಹನುಮಕ್ಕ, ತಲೆ ಕೆಟ್ಟಿದೆಯಾ?" ಗಿರಣಿಯಿಂದ ಮುನಿಸ್ವಾಮಿ ಕೂಗಿದ. "ಹಾಕ್ಸಿದ್ದೂ ನೀನೇ, ಕೀಳೋದೂ ನೀನೇನಾ? ನಾಗಪ್ಪ ಏನು ನಿನ್ನ ಬಾಡಿಗೆ ಮನೇಲಿದಾನಾ, ಬೇಕಾದಾಗ ಕೂರ್ಸಿ, ಬೇಡವಾದಾಗ ಎಬ್ಸಕ್ಕೆ?"

"ಮರದ ಉಸಿರು ನಾನೇ ಕಟ್ಸಿದೀನಿ ಕಣಣ್ಣ. ಇನ್ಯಾರು ಬಿಚ್ಚಬೇಕು?"

ನಾಗರಕಲ್ಲುಗಳ ಮುಂದೆ ಅಡ್ಡಬಿದ್ದಳು. ಏನು ಬೇಡಿಕೊಂಡಳೋ, ತುಟಿ ಮಾತ್ರ ಅಲ್ಲಾಡಿತು. ಮೊದಲ ಏಟಿಗೆ ಹಾರೆ ಜಾರಿತು. ಎರಡನೆಯದಕ್ಕೆ ಗಾರೆ ಬಿರಿಯಿತು. ಬೀದಿಯ ಜನ ಬಾಗಿಲುಗಳಲ್ಲಿ ನಿಂತು ನೋಡಿದರು. ಒಬ್ಬರೂ ಹೊಸ್ತಿಲು ದಾಟಲಿಲ್ಲ. ನಾನೂ ದಾಟಲಿಲ್ಲ.

ಲೋಹಿತ ಆಟೋ ನಿಲ್ಲಿಸಿ ಓಡಿ ಬಂದ. "ಅವ್ವ, ಬ್ಯಾಡ. ಅವಳಿಗೇನಾದ್ರೂ ಆದ್ರೆ ನಾನು ನಿನ್ ಮುಖ ನೋಡಲ್ಲ."

ಅವನ ಹಿಂದೆಯೇ ಪ್ರತಿಭಾ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು.

"ಒಳಗೋಗೇ!" ಹನುಮಕ್ಕನ ದನಿ ಒಡೆಯಿತು. "ನಿನ್ನ ನೆರಳು ಇಲ್ಲಿ ಬೀಳಬಾರದು. ಹೋಗೇ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ."

"ಅತ್ತೆ, ನೀವು ಕೂರೋ ಜಾಗದಲ್ಲಿ ಆ ಕೊಂಬೆ ಬಿತ್ತಲ್ಲ, ಅವತ್ತೇ ನನ್ನ ಜೀವ ಹೋಗಿತ್ತು. ಇದಕ್ಕಿಂತ ದೊಡ್ಡ ಭಯ ನಂಗಿಲ್ಲ." ಗಂಡನ ಕಡೆ ತಿರುಗಿದಳು. "ರೀ, ಅತ್ತೆ ಸೊಂಟ ಮುರ್ಕೋತಾರೆ. ಹಾರೆ ಇಸ್ಕೊಳ್ಳಿ."

ಲೋಹಿತ ಅಳುತ್ತಲೇ ಹಾರೆ ಇಸಿದುಕೊಂಡ. ನಾಗರಕಲ್ಲುಗಳನ್ನು ಮಾತ್ರ ಹನುಮಕ್ಕ ಅವನಿಗೆ ಮುಟ್ಟಗೊಡಲಿಲ್ಲ. ಬರುವುದೇನಿದ್ದರೂ ತನಗೇ ಬರಲೆಂದು ಮೂರನ್ನೂ ಒಂದೊಂದಾಗಿ ಎದೆಗವುಚಿ ತಾನೇ ಇಳಿಸಿದಳು. ಗ್ರಾನೈಟು ಎತ್ತಿದಾಗ ಸೀಳಿನಿಂದ ಇಳಿದು ಹುಳಿತ ಹಾಲಿನ ನಾತ ಮೂಗಿಗೆ ಬಡಿಯಿತು. ಅಡಿಯಲ್ಲಿ ಮಣ್ಣು ಬೂದಿಯಂತೆ ಒಣಗಿತ್ತು. ಬಿಳಿ ಬೇರುಗಳು ಮೇಲಕ್ಕೆ ತಿರುಗಿ, ಕಲ್ಲಿನ ತಳಕ್ಕೆ ಅಂಟಿಕೊಂಡು, ಸೀಳು ಇದ್ದ ಕಡೆಗೇ ಹರಿದಿದ್ದವು. ಮುಚ್ಚಿದ ಬಾಗಿಲ ಸಂದಿಗೆ ಬೆರಳು ತೂರಿಸಿದ ಹಾಗೆ. ಅದನ್ನು ನೋಡಿದ ಮೇಲೆ ಮನೆಯೊಳಗೆ ನಿಲ್ಲುವುದು ನಮಗೂ ಕಷ್ಟವಾಯಿತು. ಒಬ್ಬೊಬ್ಬರಾಗಿ ಬಂದು ಮಣ್ಣು ಹೊರಲು ಬಾಂಡಲಿ ಹಿಡಿದೆವು. ಆತ್ರೇಯರೂ ಬಂದು ದೂರದಲ್ಲಿ ನಿಂತು ಮಂತ್ರ ಹೇಳಿದರು.

ಬುಡದ ಸುತ್ತ ಗೊಬ್ಬರ ಬೆರೆಸಿದ ಮಣ್ಣು ತುಂಬಿದ್ದಾಯಿತು. ನಾಗರಕಲ್ಲುಗಳು ಬರಿಯ ನೆಲದ ಮೇಲೆ ಕೂತವು. ಪಾಲಿಕೆಯವರು ಒಣಕೊಂಬೆ ಇಳಿಸಿದರು. ಮಳೆಗಾಲ ಬಂತು. ಹನುಮಕ್ಕನಿಗೆ ಹೊರಗೆ ಗಾಳಿ ಬೀಸಿದರೆ ಮರದ ಚಿಂತೆ, ಒಳಗೆ ಪ್ರತಿಭಾ ನರಳಿದರೆ ಮಗುವಿನ ಚಿಂತೆ.

ಶ್ರಾವಣ ಹುಟ್ಟುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ನಾಗರಪಂಚಮಿಯ ಹಿಂದಿನ ದಿನ ಕೂಸಿನ ಮೈಮೇಲೆ ಕೆಂಪು ಗುಳ್ಳೆಗಳೆದ್ದವು, ಬೆನ್ನಿಂದ ಹೊಟ್ಟೆಯವರೆಗೆ. ಮೈಯಲ್ಲಿ ಗುಳ್ಳೆಯೆಂದರೆ ನಾಗನ ಮುನಿಸು ಎಂಬುದು ಇಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಸುದ್ದಿ ಹಬ್ಬುವುದಕ್ಕೆ ಹೊತ್ತು ಬೇಕಾಗಲಿಲ್ಲ. ಪಂಚಮಿಯ ಬೆಳಿಗ್ಗೆ ಹಾಲಿನ ಚೆಂಬು ಹಿಡಿದು ಬಂದ ಹೆಂಗಸರು ಪಿಸುಗುಟ್ಟಿದರು. ಮುನಿಸ್ವಾಮಿ ಸಿಮೆಂಟಿನ ಮೂಟೆಯನ್ನೇ ಹೊರಿಸಿ ತಂದಿದ್ದ. ಕಟ್ಟೆಯಿಂದ ಕಿತ್ತ ಗ್ರಾನೈಟು ಅವನ ಗಿರಣಿಯ ಗೋಡೆಗೆ ಒರಗಿಯೇ ಇತ್ತು.

"ಈಗ್ಲಾದ್ರೂ ತಪ್ಪಾಯ್ತು ಅನ್ನು ಹನುಮಕ್ಕ" ಎಂದ. ಅವನ ದನಿಯಲ್ಲಿ ಅಣಕವಿರಲಿಲ್ಲ, ಅಂಜಿಕೆಯಿತ್ತು. "ಮುಚ್ಚಿಬಿಡೋಣ. ಎಳೇ ಮಗು ಅದು. ಯಾಕೆ ಹಟ?"

ಡಾಕ್ಟರು ಆ ಮುಂಜಾನೆ ನೋಡಿ, ಈಗಷ್ಟೇ ಹುಟ್ಟಿದ ಮಕ್ಕಳಿಗೆ ಇಂಥದ್ದು ಸಹಜ, ತಾನಾಗಿ ಹೋಗುತ್ತದೆ ಎಂದಿದ್ದರು. ಆ ಮಾತು ಹನುಮಕ್ಕನ ಕಿವಿಗೆ ಬಿದ್ದಿತ್ತು, ಎದೆಗೆ ಇಳಿದಿರಲಿಲ್ಲ. ಸಿಮೆಂಟಿನ ಮೂಟೆಯನ್ನು ನೋಡಿದಳು. ಒಂದು ಸಲ ಆಕೆಯ ಕೈ ಅದರತ್ತ ಚಾಚಿತು ಕೂಡ. ನಾವೆಲ್ಲ ಕಂಡೆವು. ಆಮೇಲೆ ಹೋಗಿ ಬುಡದ ಹಸಿಮಣ್ಣಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟಳು.

"ನಂಗೆ ಭಯ ಇಲ್ಲ ಅನ್ಕೋಬೇಡ್ರಪ್ಪ. ಉಚ್ಚೆ ಹೊಯ್ಕೊಳ್ಳೋ ಅಷ್ಟು ಭಯ ಇದೆ. ಆದ್ರೆ ಆ ಬೇರು ನಾನು ಕಣ್ಣಾರೆ ನೋಡಿದೀನಿ. ಅದನ್ನ ಮತ್ತೆ ಮುಚ್ಚಿ, ನನ್ ಮೊಮ್ಮಗಳನ್ನ ಕಾಪಾಡು ಅಂತ ಯಾವ ಬಾಯಲ್ಲಿ ಕೇಳಲಿ? ಹಾಕೋದಾದ್ರೆ ಕಲ್ಲು ನನ್ ಮೇಲೆ ಹಾಕಿ."

ಹೆಂಗಸರಲ್ಲಿ ಒಬ್ಬಳು ಮುಂದೆ ಬಂದು ಹಾಲೆರೆದಳು. ಹಾಲು ಮಣ್ಣಿಗೆ ಇಂಗಿತು. ಮುನಿಸ್ವಾಮಿ ಮೂಟೆ ಹೊರಿಸಿಕೊಂಡು ವಾಪಸು ಹೋದ.

ಕೂಸಿನ ಗುಳ್ಳೆ ಆ ವಾರದಲ್ಲೇ ಇಳಿಯಿತು. ಹನುಮಕ್ಕನ ಹೆದರಿಕೆ ಇಳಿದಿಲ್ಲ. ಮಗು ಸೀನಿದರೆ ಬೆಚ್ಚುತ್ತಾಳೆ. ಮರ ಮೂಡಣದ ಕಡೆ ತುಂಬಿಕೊಂಡು ಚಿಗುರಿದೆ, ಪಡುವಣದ ಕಡೆ ಇನ್ನೂ ಬೋಳು. ಉಳಿಯಿತೆಂದು ಹೇಳಲು ಇನ್ನೊಂದು ಮಳೆಗಾಲ ಕಾಯಬೇಕು ಎಂದಿದ್ದಾಳೆ ಅಧಿಕಾರಿ. ಗಾಳಿ ಎದ್ದರೆ ಸಾಕು, ಹನುಮಕ್ಕ ಗಿರಾಕಿಗಳನ್ನು ಬೈದು ರಸ್ತೆಯ ಆಚೆಗೆ ಅಟ್ಟುತ್ತಾಳೆ. ತಾನು ಮಾತ್ರ ಏಳುವುದಿಲ್ಲ. ಮೊನ್ನೆ ಮೋಡ ಕವಿದಿದ್ದಾಗ ನಾನು ಗದರಿದೆ.

"ನೀನೂ ಈಚೆ ಬರಬಾರದೇನಮ್ಮ?"

"ನಾನು ಎದ್ದೋದ್ರೆ ನಾಳೆ ಇನ್ನೊಬ್ಬ ಪುಣ್ಯಾತ್ಮ ಸಿಮೆಂಟ್ ತರ್ತಾನೆ" ಎಂದಳು. ಮಾತು ನನ್ನೊಡನೆ, ಕಣ್ಣು ಮೇಲಿನ ಕೊಂಬೆಯ ಮೇಲೆ. ಕಟ್ಟುತ್ತಿದ್ದ ದಾರ ಬೆರಳಲ್ಲೇ ನಿಂತಿತ್ತು.