ಚೀಟಿ ಅಕ್ಕ ಮತ್ತು ಬಾಯಿ ಬಿಡದ ಗಂಟೆ

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಕೂರುವ ಆ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಯಾರಿಗೂ ನೆನಪಾಗುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಚೀಟಿ ಅಕ್ಕ. ಡಬ್ಬಿ ಬಾಟಲಿಗಳಿಗಲ್ಲ, ಅವಳು ಚೀಟಿ ಅಂಟಿಸುತ್ತಿದ್ದದ್ದು ಪ್ರೋಗ್ರಾಂಗಳಿಗೆ.

ಲ್ಯಾಬಿನ ದೊಡ್ಡ ಪ್ರೋಗ್ರಾಂ ದಿನವಿಡೀ ಓಡುತ್ತಿತ್ತು. ರೋಗಿಗಳ ದಾಖಲೆಯೆಲ್ಲ ಅದರ ಕೈಯಲ್ಲಿ. ಕೆಲಸ ಬಿದ್ದಾಗ ಅದು ಸಣ್ಣ ಪ್ರೋಗ್ರಾಂಗಳನ್ನು ಎಬ್ಬಿಸಿ ಕಳಿಸುತ್ತಿತ್ತು. ರಿಪೋರ್ಟ್ ಮುದ್ರಿಸಲು ಒಂದು, ರಕ್ತದ ಫಲಿತಾಂಶ ಅಪಾಯ ತೋರಿಸಿದರೆ ವಾರ್ಡಿನಲ್ಲಿ ಗಂಟೆ ಬಾರಿಸಲು ಇನ್ನೊಂದು. ಹಾಗೆ ಹುಟ್ಟಿದ ಮಗು ತನ್ನ ತಾಯಿಯಾದ ದೊಡ್ಡ ಪ್ರೋಗ್ರಾಂನ ಅಧಿಕಾರವನ್ನೆಲ್ಲ ಹೊತ್ತುಕೊಂಡೇ ಹೊರಡುತ್ತಿತ್ತು. ಬರೀ ಕಾಗದದ ಕೆಲಸಕ್ಕೆ ಬಂದದ್ದು ಇಡೀ ಆಸ್ಪತ್ರೆಯ ಗುಟ್ಟು ಓದಬಹುದಿತ್ತು. ಅದನ್ನು ಯಾರಾದರೂ ಕಿಡಿಗೇಡಿಗಳು ವಶ ಮಾಡಿಕೊಂಡರೆ ಮುಗಿದೇ ಹೋಯಿತು.

ಅವಳಿಗೆ ಇದು ಸರಿಬರಲಿಲ್ಲ. ಹಟ ಹಿಡಿದು ಒಂದು ಏರ್ಪಾಡು ಮಾಡಿದಳು. ಮಗುವನ್ನು ಕಳಿಸುವ ಮುಂಚೆ ತಾಯಿ ಒಂದು ಚೀಟಿ ಸಿದ್ಧ ಮಾಡಿಟ್ಟುಕೊಳ್ಳಬೇಕು, ಮುಂದೆ ಹೊರಡುವ ಮಗು ಅದನ್ನು ಅಂಟಿಸಿಕೊಂಡೇ ಹೋಗಬೇಕು, ಚೀಟಿಯಲ್ಲಿದ್ದಷ್ಟೇ ಅದರ ಹಕ್ಕು. ಮುದ್ರಣದ ಮಗುವಿಗೆ ಪ್ರಿಂಟರ್ ಮತ್ತು ಆ ಒಂದು ರಿಪೋರ್ಟ್, ಅಷ್ಟೆ. ಗಂಟೆಯ ಮಗುವಿನ ಸರದಿ ಇನ್ನೂ ಬಂದಿರಲಿಲ್ಲ. ಅದು ಚೀಟಿಯಿಲ್ಲದೆ ಹಳೆಯ ಹಾಗೆಯೇ ಹೋಗಿ ಬರುತ್ತಿತ್ತು.

"ನೀರು ಕುಡಿಯೋಕೂ ಚೀಟಿ ಬೇಕಾ ಅಕ್ಕಾ?" ಎಂದು ಲ್ಯಾಬಿನ ಟೆಕ್ನಿಷಿಯನ್ ರೇಗಿಸುತ್ತಿದ್ದ.

"ನಿನಗೆ ಬೇಡ ಕಣೋ, ನಿನ್ನ ನಾಲಿಗೆಗೆ ಬೇಕು."

ಒಂದು ಬೆಳಿಗ್ಗೆ ಗಂಟೆ ಮೊಳಗಲಿಲ್ಲ. ಪರದೆಯ ಮೇಲೆ ಕೆಂಪು ಅಂಕಿ ಕಂಡ ಟೆಕ್ನಿಷಿಯನ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ವಾರ್ಡಿಗೆ ಹೇಳಿದ್ದರಿಂದ ರೋಗಿಗೆ ಏನೂ ಆಗಲಿಲ್ಲ. ದೊಡ್ಡ ಡಾಕ್ಟರು ಖುದ್ದು ಕಂಪ್ಯೂಟರ್ ಕೋಣೆಗೆ ಬಂದರು.

"ನೋಡಮ್ಮಾ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ಚೀಟಿ ಬರೋಕೆ ಮುಂಚೆ ಗಂಟೆ ಯಾವತ್ತೂ ಕೈ ಕೊಟ್ಟಿರಲಿಲ್ಲ. ಇವತ್ತು ಫೋನಲ್ಲೇ ಸುಧಾರಿಸ್ತೀವಿ. ಸಂಜೆಯೊಳಗೆ ಕಾರಣ ಸಿಗದಿದ್ರೆ ಚೀಟಿ ಗೀಟಿ ಎಲ್ಲಾ ತೆಗೆದುಬಿಡಿ."

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕಷ್ಟವಾದದ್ದೇ ಅದು.

ಅವಳು ಗಂಟೆ ಬಾರಿಸಿ ನೋಡಿದಳು. ಮೊಳಗಿತು. ಮತ್ತೆ ಬಾರಿಸಿದಳು. ಮತ್ತೆ ಮೊಳಗಿತು. "ಅಕ್ಕಾ, ಸಾಕು ಮಾರಾಯ್ತಿ, ತಲೆ ಚಿಟ್ಟು ಹಿಡೀತು!" ಎಂದು ವಾರ್ಡಿನ ನರ್ಸ್ ಫೋನಿನಲ್ಲಿ ಕೂಗಿದಳು. ತಪ್ಪು ಮಾತ್ರ ಕೈಗೆ ಸಿಗಲಿಲ್ಲ.

ಮಧ್ಯಾಹ್ನ ಅಮ್ಮನ ಫೋನು.

"ಊಟ ಆಯ್ತೇನೇ?"

"ಹ್ಞೂಂ."

"ಬಿಸಿ ಇತ್ತಾ?"

"ಹ್ಞೂಂ."

"ಏನೇ ಇದು, ಚಿಕ್ಕಮ್ಮನ ಮನೇಲಿ ಕೂತ ಹಾಗೆ ಕೂತಿದೀಯಾ?"

ಅದು ಮನೆಯವರೆಲ್ಲ ಆಡಿ ಆಡಿ ಸವೆಸಿದ ತಮಾಷೆ. ಅವಳು ಪುಟ್ಟವಳಿದ್ದಾಗ ಅಮ್ಮ ಒಮ್ಮೆ ಅಪ್ಪನ ಸಾಹೇಬರ ಮನೆಗೆ ಕರೆದೊಯ್ಯುತ್ತ, "ಅಲ್ಲಿ ಬಾಯಿ ಬಿಟ್ಟರೆ ನೋಡು!" ಎಂದು ಕಣ್ಣು ಬಿಟ್ಟಿದ್ದಳು. ಹೋಗಿ ನೋಡಿದರೆ ಸಾಹೇಬರ ಮನೆಗೆ ಬೀಗ. ಬಂದದ್ದು ದಂಡವಾಗಬಾರದೆಂದು ಅಲ್ಲೇ ಹತ್ತಿರದ ಚಿಕ್ಕಮ್ಮನ ಮನೆಗೆ ಹೋದರು. ಅಲ್ಲಿ ಈ ಮಗು ತುಟಿ ಬಿಗಿದು ಕೂತಿತು. ಚಿಕ್ಕಮ್ಮ ಮುದ್ದಿಸಿದರೂ ಇಲ್ಲ, ತಿಂಡಿ ಹಿಡಿದರೂ ಇಲ್ಲ. ಹಣೆ ಮುಟ್ಟಿ ನೋಡಿದರು, ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿದರು. ಚಿಕ್ಕಪ್ಪ ಡಾಕ್ಟರನ್ನು ಕರೆತರಲು ಚಪ್ಪಲಿ ಮೆಟ್ಟಿದಾಗ ಅಮ್ಮನಿಗೆ ಹೊಳೆಯಿತು. "ಅಯ್ಯೋ, ಅದು ಆ ಮನೆಗೆ ಹೇಳಿದ್ದು ಕಣೇ! ಈಗ ಮಾತಾಡು!" ಆಮೇಲೆ ಮಲಗುವವರೆಗೂ ಅವಳ ಬಾಯಿ ನಿಲ್ಲಲಿಲ್ಲವಂತೆ.

"ಅಮ್ಮಾ, ಸಾಹೇಬರ ಮನೆಗೆ ಬೀಗ ಇತ್ತು ಅಲ್ವಾ?"

"ಇತ್ತು. ಒಳಗೆ ಹೋಗಿ ಬಂದಿದ್ರೆ ಹೊರಗೆ ಬಂದ ತಕ್ಷಣ ಮಾತಾಡು ಅಂತಿದ್ದೆ. ಹೋಗಲೇ ಇಲ್ಲವಲ್ಲ, ಹೇಳಿದ್ದೇ ಮರೆತುಹೋಯ್ತು."

ಚೀಟಿ ಅಕ್ಕ ನೆಟ್ಟಗೆ ಕೂತಳು. ಕೆಲಸ ಗಿಜಿಗುಡುವ ಹೊತ್ತಿನಲ್ಲಿ ಮುದ್ರಣದ ಪ್ರೋಗ್ರಾಂ ಒಮ್ಮೊಮ್ಮೆ ಏಳುತ್ತಲೇ ಇರಲಿಲ್ಲ. ಎರಡನೇ ಸಲಕ್ಕೆ ಏಳುತ್ತಿದ್ದುದರಿಂದ ಅವಳು ತಲೆ ಕೆಡಿಸಿಕೊಂಡಿರಲಿಲ್ಲ. ಮಗು ಹೊರಟ ಮೇಲೆ ತಾಯಿ ತನ್ನ ಕೈಯಲ್ಲಿರುವ ಚೀಟಿಯನ್ನು ಅಳಿಸಬೇಕೆಂದು ಬರೆದಿದ್ದಳು. ಮಗು ಹೊರಡದೇ ಹೋದರೆ? ಅದನ್ನು ಬರೆದಿರಲಿಲ್ಲ. ಚೀಟಿ ತಾಯಿಯ ಕೈಯಲ್ಲೇ ಉಳಿದು, ಹಿಂದೆಯೇ ಹೊರಟ ಗಂಟೆಯ ಮಗುವಿಗೆ ಅಂಟುತ್ತಿತ್ತು. ಮುದ್ರಣದ ಚೀಟಿ ಹೊತ್ತು ಹೋದದ್ದಕ್ಕೆ ಗಂಟೆ ಮುಟ್ಟುವ ಅಪ್ಪಣೆ ಎಲ್ಲಿಂದ ಬರಬೇಕು?

"ಅಮ್ಮಾ, ಆಮೇಲೆ ಮಾಡ್ತೀನಿ."

ಬೇಕೆಂದೇ ಮುದ್ರಣವನ್ನು ಕೆಡಿಸಿ ಗಂಟೆ ಬಾರಿಸಿದಳು. ಸದ್ದಿಲ್ಲ! ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಮಗು ಹೋಗಲಿ ಬಿಡಲಿ, ಚೀಟಿ ಅಳಿಸು ಎಂದು ಒಂದು ಸಾಲು ಸೇರಿಸಿದಳು. ಮತ್ತೆ ಮುದ್ರಣ ಕೆಡಿಸಿದಳು, ಮತ್ತೆ ಗಂಟೆ ಬಾರಿಸಿದಳು.

"ಅಕ್ಕಾ!" ಎಂದು ನರ್ಸ್ ಕೂಗಿದಳು.

ಸಂಜೆ ದೊಡ್ಡ ಡಾಕ್ಟರು ಬಾಗಿಲಲ್ಲೇ ನಿಂತು ಕೇಳಿದರು. "ಸಿಕ್ತಾ ಕಾರಣ?"

"ಸಿಕ್ತು ಸಾರ್. ತಪ್ಪು ಚೀಟಿದಲ್ಲ, ನಂದು. ಹೇಳಿದ ಮಾತನ್ನ ವಾಪಸ್ ತಗೊಳ್ಳೋದು ಮರೆತಿದ್ದೆ."

ಅವಳು ಮತ್ತೆ ಎರಡು ಸಲ ಮುದ್ರಣ ಕೆಡಿಸಿ ಗಂಟೆ ಬಾರಿಸಿ ತೋರಿಸಿದಳು. ಡಾಕ್ಟರು ಗಲ್ಲ ಕೆರೆದುಕೊಂಡು, "ಹಾಗಿದ್ರೆ ಚೀಟಿ ಇರಲಿ. ಗಂಟೆಗೂ ಅದರದ್ದೇ ಒಂದು ಮಾಡಿಬಿಡಿ, ಇನ್ನೊಬ್ಬರದ್ದು ಯಾಕೆ ಅಂಟಿಸ್ಕೋಬೇಕು ಪಾಪ" ಎಂದು ಹೋದರು.

ಆ ಸಾಲು ಇಂದಿಗೂ ಅಲ್ಲಿದೆ. ಓದುವವರಿಗೆ ತಿಳಿಯಲೆಂದು ಅದರ ಮೇಲೆ ಅವಳು ವಿವರಣೆಯನ್ನೂ ಬರೆದಿದ್ದಾಳೆ. ಎರಡೇ ಪದ: ಈಗ ಮಾತಾಡು.